ಉಪ್ಪಿನ ಸುಂಕವೂ ಉಪ್ಪಿನ ಬೆಲೆಯೂ

೧

ಅರಸನು ಪ್ರಜೆಗಳಿಂದ ಎತ್ತುವ ಕರಗಳಲ್ಲಿ ಎರಡು ತೆರನುಂಟು. ನೆಲದ ಕಂದಾಯ, ವರಮಾನದ ತೆರಿಗೆ ಮೊದಲಾದುವು ಒಬ್ಬೊಬ್ಬನ ಹೆಸರಿಗೆ ಬರುವುವು. ಅವನು ಅದನ್ನು ಕಂಡು, ಎಣಿಸಿ, ಗೊಣಗಿಯಾದರೂ ತಾನೇ ಸಲ್ಲಿಸುವನು. ಇನ್ನೊಂದು ಬಗೆಯ ಕರವು ಪದಾರ್ಥದ ಮೇಲೆ ಬೀಳುವುದು. ಅದನ್ನು ಬೊಕ್ಕಸಕ್ಕೆ ಸಲ್ಲಿಸುವವನು ವರ್ತಕ. ನಿಜವಾಗಿ ತೆರುವವನು ಆ ಪದಾರ್ಥವನ್ನು ಕೊಂಡು ಉಣ್ಣುವವನು. ತೆರುವವನಿಗೆ ತಾನು ತೆರುತ್ತಿರುವೆನೆಂಬ ಅರಿವೇ ಇರದು. ಅವನು ಅದನ್ನು ಬೆಲೆಯೆಂದು ತಿಳಿಯುವನು. ಅಂಗಡಿಯವನನ್ನು ಬಯ್ದು ಸುಮ್ಮನಾಗುವನು. ರಾಜ್ಯಭಾರ ಮಾಡುವವರಿಗೆ ಈ ಎರಡನೆಯ ಬಗೆಯು ಎಲ್ಲ ದೇಶಗಳಲ್ಲಿಯೂ ಪ್ರಿಯವಾಗಿರುವುದಕ್ಕೆ ಇದೇ ಕಾರಣ.

ಇಂತಹ ಕರವೇರಿದಾಗ ಬೆಲೆ ಎಷ್ಟು ಏರುವುದು? ಕರವಿಳಿದಾಗ ಬೆಲೆಯೂ ಅಷ್ಟೇ ಇಳಿಯುವುದೆ? ನಡುವೆ ನಿಂತ ವರ್ತಕನಿಗೆ ಉಳಿಯುವುದೆಷ್ಟು, ಬಡವನ ಮನೆಗೆ ಮುಟ್ಟುವುದೆಷ್ಟು? ಈ ಪ್ರಶ್ನೆಗಳಿಗೆ ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಸೂತ್ರಗಳುಂಟು. ಆದರೆ ಸೂತ್ರಕ್ಕಿಂತ ಉದಾಹರಣೆ ಮೇಲು. ನಮ್ಮ ದೇಶದ ಚರಿತ್ರೆಯಲ್ಲಿ ಉಪ್ಪಿನ ಸುಂಕಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯದು. ಉಪ್ಪನ್ನು ಧನಿಕನೂ ತಿನ್ನುವನು, ದರಿದ್ರನೂ ತಿನ್ನುವನು. ಧನಿಕನು ಹತ್ತರಷ್ಟು ಧನವುಳ್ಳವನಾದ ಮಾತ್ರಕ್ಕೆ ಹತ್ತರಷ್ಟು ಉಪ್ಪನ್ನು ತಿನ್ನಲಾರನು. ಬೆಲೆಯೇರಿತೆಂದು ಅದನ್ನು ಬಿಟ್ಟು ಬೇರೊಂದನ್ನು ತಿನ್ನುವಂತೆಯೂ ಇಲ್ಲ. ಅದುಕಾರಣ ಸುಂಕದ ಏರಿಳಿತವು ಬೆಲೆಯಲ್ಲಿ ಹೇಗೆ ಮೂಡುವುದೆಂಬುದನ್ನು ನೋಡಲು ಉಪ್ಪು ತಿಳಿಗನ್ನಡಿಯಂತಿರುವುದು.

೨

ಉಪ್ಪಿನ ಮೇಲಣ ಕರವು ಆಂಗ್ಲರು ತಂದ ಹೊಸ ಪದ್ಧತಿಯೆಂಬ ನಂಬಿಕೆ ಅನೇಕರಲ್ಲಿದೆ. ಅದು ಪೂರ್ತಿ ಸರಿಯಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ದೊರೆತು, ಆರ್. ಶಾಮಾಶಾಸ್ತ್ರಿಗಳವರಿಂದ ೧೯೦೯ರಲ್ಲಿ ಮುದ್ರಿತವಾದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಲವಣಾಧ್ಯಕ್ಷನೆಂಬ ಅಧಿಕಾರಿಯ ವಿಷಯ ಬಂದಿದೆ. ಹೊರದೇಶದಿಂದ ಬಂದ ಉಪ್ಪಿನಲ್ಲಿ ಆರನೆಯ ಒಂದು ಪಾಲು ರಾಜನಿಗೆ ಸಲ್ಲತಕ್ಕದ್ದು. ಅಪ್ಪಣೆಯಿಲ್ಲದೆ ಉಪ್ಪನ್ನು ಮಾಡಿ ಜೀವಿಸುವವನಿಗೆ ದಂಡ. ಕಲಬೆರಕೆಯ ಉಪ್ಪನ್ನು ಮಾರುವವನಿಗೂ ದಂಡ. ಆದರೆ ಅದೇ ಪ್ರಕರಣದಲ್ಲಿ ಮತ್ತೊಂದು ಮಾತೂ ಉಂಟು. ವಾನಪ್ರಸ್ಥರಿಗೆ ಈ ನಿಷೇಧವಿಲ್ಲ. ಶ್ರೋತ್ರಿಯರೂ ತಪಸ್ವಿಗಳೂ ಬಿಟ್ಟಿಯ ಆಳುಗಳೂ ತಮ್ಮ ಅನ್ನಕ್ಕೆ ಬೇಕಾದಷ್ಟು ಉಪ್ಪನ್ನು ಸುಂಕವಿಲ್ಲದೆ ಒಯ್ಯಬಹುದು.

ಈ ವಿನಾಯಿತಿಯ ಒಳಗಿರುವ ತಿಳಿವಳಿಕೆ ಗಮನಾರ್ಹವಾದುದು. ಸಂಪಾದನೆಯಿಲ್ಲದವನ ಎಲೆಯ ಮೇಲಣ ಉಪ್ಪಿಗೆ ಸುಂಕ ಹಾಕಿದರೆ ಆ ಸುಂಕವನ್ನು ಇನ್ನೊಬ್ಬರ ಮೇಲೆ ಹೊರಿಸಲು ಅವನಿಗೆ ದಾರಿಯಿಲ್ಲವೆಂಬುದನ್ನು ಕೌಟಿಲ್ಯನು ಕಂಡಿದ್ದನು. ಜಿಗಣೆ, ಕರು, ದುಂಬಿ—ಇವು ತಮ್ಮ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಕೊಳ್ಳುವಂತೆ ರಾಜನು ಕರವನ್ನು ಕೊಳ್ಳಬೇಕೆಂದು ಮನುವು ಹೇಳಿರುವುದೂ ಪ್ರಸಿದ್ಧವೇ. ಹೂವು ಬಾಡದಂತೆ ಮಧುವನ್ನು ತೆಗೆಯುವುದು ಶಾಸ್ತ್ರದ ಆಶಯ. ಮುಂದಿನ ಚರಿತ್ರೆಯಲ್ಲಿ ಹೂವು ಬಾಡಿದ ಸಂದರ್ಭಗಳೇ ಹೆಚ್ಚು.

೩

ಪ್ಲಾಸಿಯ ಕಾಳಗದ ಬಳಿಕ ವಂಗದೇಶದ ಆಡಳಿತವು ಈಸ್ಟ್ ಇಂಡಿಯಾ ಕಂಪೆನಿಯವರ ಕೈಸೇರಿತಷ್ಟೆ. ೧೭೬೫ರಲ್ಲಿ ಕ್ಲೈವನು ಕಂಪೆನಿಯ ಹಿರಿಯ ನೌಕರರ ಸಂಘವೊಂದನ್ನು ಏರ್ಪಡಿಸಿ ಉಪ್ಪು, ಅಡಕೆ, ಹೊಗೆಸೊಪ್ಪು ಇವುಗಳ ವ್ಯಾಪಾರದ ಏಕಸ್ವಾಮ್ಯವನ್ನು ಅದಕ್ಕೆ ಕೊಟ್ಟನು. ಲಂಡನ್ನಿನ ನಿರ್ದೇಶಕರು ಒಪ್ಪದ ಕಾರಣ ಅದು ೧೭೬೮ರಲ್ಲಿ ಮುಗಿಯಿತು. ಆದರೆ ಉಪ್ಪಿನಲ್ಲಿರುವ ಹಣವು ಒಮ್ಮೆ ಕಣ್ಣಿಗೆ ಬಿದ್ದ ಬಳಿಕ ಅದನ್ನು ಬಿಡುವುದು ಯಾರಿಗೆ ಸಾಧ್ಯ? ೧೭೭೨ರಲ್ಲಿ ವಾರನ್ ಹೇಸ್ಟಿಂಗ್ಸನು ಉಪ್ಪಿನ ತಯಾರಿಕೆಯನ್ನು ಕಂಪೆನಿಯ ವಶಕ್ಕೆ ತಂದನು. ೧೭೮೦ರಿಂದ ಏಜೆಂಟರ ಪದ್ಧತಿ ನಡೆಯಿತು. ಕಡಲಂಚಿನ ಕೆಸರುನೆಲದಲ್ಲಿ ಉಪ್ಪುನೀರನ್ನು ಕುದಿಸಿ ಉಪ್ಪು ಮಾಡುತ್ತಿದ್ದ ಮಲಂಗಿಗಳು ಕಂಪೆನಿಗಲ್ಲದೆ ಇನ್ನಾರಿಗೂ ಅದನ್ನು ಮಾರಕೂಡದೆಂದಾಯಿತು.

೧೭೮೮ರಿಂದ ಕಂಪೆನಿಯವರು ಕಲ್ಕತ್ತೆಯಲ್ಲಿ ಉಪ್ಪನ್ನು ಹರಾಜಿನಲ್ಲಿ ಮಾರತೊಡಗಿದರು. ಇಲ್ಲಿ ಒಂದು ಸೂಕ್ಷ್ಮವುಂಟು. ಕರವು ಇಷ್ಟೇ ಎಂದು ಗೊತ್ತುಮಾಡಿ ಮಾರಿದ್ದರೆ ಬೆಲೆಯೂ ಒಂದು ಮಿತಿಯಲ್ಲಿ ನಿಲ್ಲುತ್ತಿತ್ತು. ಕಂಪೆನಿಯವರಾದರೋ ವರ್ಷಕ್ಕೆ ಇಷ್ಟೇ ಉಪ್ಪನ್ನು ಮಾರಾಟಕ್ಕೆ ಬಿಡುವುದೆಂದು ಮೊದಲು ನಿರ್ಣಯಿಸುವರು, ಪದಾರ್ಥವು ಕಡಮೆಯಾದಷ್ಟೂ ಸವಾಲು ಏರುವುದು, ಏರಿದ್ದೆಲ್ಲ ಲಾಭ. ದೊಡ್ಡ ದೊಡ್ಡ ಪಾಲುಗಳಾಗಿ ಹರಾಜಾಗುತ್ತಿದ್ದ ಆ ಉಪ್ಪನ್ನು ಕೊಳ್ಳುವ ಶಕ್ತಿಯಿದ್ದುದು ಕೆಲವೇ ಮಂದಿ ಸಾಹುಕಾರರಿಗೆ. ಅವರು ದಾಸ್ತಾನನ್ನು ಹಿಡಿದಿಟ್ಟುಕೊಂಡು ಸಮಯ ನೋಡಿ ಬಿಡುವರು. ಅವರಿಂದ ಊರಿನ ಸಗಟು ವರ್ತಕನಿಗೆ, ಅಲ್ಲಿಂದ ಸಂತೆಯ ವ್ಯಾಪಾರಿಗೆ, ಅಲ್ಲಿಂದ ಹಳ್ಳಿಯ ಅಂಗಡಿಗೆ. ಕೈ ಬದಲಾದಂತೆಲ್ಲ ಲಾಭದ ಒಂದು ಪದರ ಸೇರುವುದು. ಸುಂಕವು ಒಂದು ರೂಪಾಯಿಯಾದರೆ ಗ್ರಾಹಕನು ತೆತ್ತದ್ದು ಒಂದು ರೂಪಾಯಿಯಲ್ಲ. ಆ ರೂಪಾಯಿಯ ಮೇಲಣ ಬಡ್ಡಿಯೂ ಲಾಭವೂ ಅದಕ್ಕೆ ಸೇರಿದ ಮೊತ್ತ. ಈ ಹರಾಜಿನ ಪದ್ಧತಿ ಕೊನೆಗೊಂಡು ಗೊತ್ತಾದ ಬೆಲೆಗೆ ಮಾರುವ ಕ್ರಮವು ಬಂದುದು ೧೮೩೬ರಲ್ಲಿ ಪಾರ್ಲಿಮೆಂಟಿನ ವಿಚಾರಣೆಯಾದ ಬಳಿಕವೇ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಡೆದುದನ್ನು ಇದರೊಡನೆ ಇಟ್ಟು ನೋಡಬೇಕು. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದಾಗ, ೧೮೦೫ರಲ್ಲಿ, ಅಲ್ಲಿ ಒಂದು ಬುಷೆಲ್ ಉಪ್ಪಿಗೆ ೧೫ ಷಿಲಿಂಗುಗಳ ಸುಂಕವಾಯಿತು. ಇದು ಉಪ್ಪನ್ನು ತಯಾರಿಸುವ ವೆಚ್ಚದ ಅನೇಕ ಪಟ್ಟು. ಪ್ರಜೆಗಳ ಕೂಗು ಪಾರ್ಲಿಮೆಂಟನ್ನು ಮುಟ್ಟಿದ್ದರಿಂದ ೧೮೨೩ರಲ್ಲಿ ಅದನ್ನು ೨ ಷಿಲಿಂಗುಗಳಿಗಿಳಿಸಿ ೧೮೨೫ರಲ್ಲಿ ತೆಗೆದುಹಾಕಿದರು. ಸುಂಕದಿಂದ ಬಿಡುಗಡೆ ಹೊಂದಿದ ಆ ಚೆಷೈರಿನ ಉಪ್ಪು ಲಿವರ್‌ಪೂಲಿನಲ್ಲಿ ಹಡಗೇರಿ ಕಲ್ಕತ್ತೆಗೆ ಬಂದಿಳಿದು, ಅಲ್ಲಿ ಸುಂಕವನ್ನು ಹೊತ್ತು ವಂಗದೇಶದ ರೈತನ ಮನೆ ಸೇರಿತು. ೧೮೬೩ರ ಸುಮಾರಿಗೆ ಬಂಗಾಲದಲ್ಲಿ ಸರಕಾರದ ಉಪ್ಪಿನ ತಯಾರಿಕೆಯೇ ನಿಂತು, ಮಲಂಗಿಗಳ ವೃತ್ತಿ ಮುಗಿಯಿತು. ಒಂದೇ ದೊರೆತನದಲ್ಲಿ ಎರಡು ನ್ಯಾಯ: ತನ್ನ ದೇಶದ ಬಡವನಿಗೆ ಸಲ್ಲದ ಕರವು ದೂರದೇಶದ ಬಡವನಿಗೆ ಸಲ್ಲುವುದಾಯಿತು.

೪

ದಕ್ಷಿಣದಲ್ಲಿ ಮದರಾಸು ಸರಕಾರದವರು ೧೮೦೫ರಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿದರು. ಬಳ್ಳಾರಿ, ದಕ್ಷಿಣ ಕನ್ನಡಗಳು ಇದಕ್ಕೆ ಒಳಪಟ್ಟುವು. ಮುಂಬಯಿ ಆಧಿಪತ್ಯದಲ್ಲಿ ೧೮೩೭ರಲ್ಲಿ ಮಣವೊಂದಕ್ಕೆ ಎಂಟಾಣೆಯಂತೆ ಸುಂಕ ಬಂದಿತು. ಮುಂದೆ ೧೮೪೪ರಲ್ಲಿ ಎರಡು ಕಡೆಯೂ ಒಂದು ವಿಶೇಷ ನಡೆಯಿತು. ಊರೂರಿಗೆ ಸರಕು ಸಾಗುವಾಗ ಎತ್ತುತ್ತಿದ್ದ ಸಾಯರ್ ಮೊದಲಾದ ಸಣ್ಣ ಸುಂಕಗಳಿಂದ ವ್ಯಾಪಾರಕ್ಕೆ ತೊಡಕಾಗುತ್ತಿದೆಯೆಂದು ಸರಕಾರದವರು ಅವನ್ನು ರದ್ದುಮಾಡಿದರು. ಇದು ಒಳ್ಳೆಯ ಕೆಲಸವೇ. ಆದರೆ ಅದರಿಂದಾದ ನಷ್ಟವನ್ನು ಉಪ್ಪಿನ ಮೇಲೆ ಹಾಕಿ ತುಂಬಿಕೊಂಡರು. ಬಟ್ಟೆಯ ಮೇಲೆ, ಬೆಲ್ಲದ ಮೇಲೆ ಇದ್ದ ಸುಂಕ ಹೋದುದರಿಂದ ಹೆಚ್ಚು ಬಟ್ಟೆ ಬೆಲ್ಲ ಕೊಳ್ಳುವವನಿಗೆ ಹೆಚ್ಚು ಉಪಕಾರ. ಉಪ್ಪಿನ ಸುಂಕವೇರಿದುದರಿಂದ ಎಲ್ಲರಿಗೂ ಸಮವಾದ ಹೊರೆ. ಹೀಗೆ ಒಂದು ಕರವನ್ನು ತೆಗೆದು ಮತ್ತೊಂದನ್ನು ಹಾಕಿದಾಗ ಬೊಕ್ಕಸದ ಲೆಕ್ಕ ಸರಿಹೋದರೂ ಮನೆಮನೆಯ ಲೆಕ್ಕ ಸರಿಹೋಗದು. ಸೂರತ್ತಿನ ಜನರು ಇದನ್ನು ಒಡನೆಯೇ ಅರಿತರು. ಸುಂಕವು ಎಂಟಾಣೆಯಿಂದ ಒಂದು ರೂಪಾಯಿಗೆ ಏರಿದೊಡನೆ ಅಲ್ಲಿ ದೊಂಬಿಯಾಗಿ, ಸರಕಾರದವರು ಅದನ್ನು ಹನ್ನೆರಡಾಣೆಗೆ ಇಳಿಸಬೇಕಾಯಿತು.

ಇಲ್ಲಿ ಮಣವೆಂದರೆ ೪೦ ಸೇರುಗಳ ಬಂಗಾಲಿ ಮಣ, ಅಂದರೆ ಸುಮಾರು ೮೨ ಪೌಂಡುಗಳು. ಸೇರು ತೂಕದ ಸೇರು. ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ. ಈ ಲೆಕ್ಕವನ್ನು ನೆನಪಿನಲ್ಲಿಟ್ಟರೆ ಮುಂದಿನದು ಸುಲಭವಾಗುವುದು. ಮಣಕ್ಕೆ ಎರಡೂವರೆ ರೂಪಾಯಿ ಸುಂಕವಾದರೆ ಸೇರಿಗೆ ಸರಿಯಾಗಿ ಒಂದಾಣೆ. ಒಂದೂಕಾಲು ರೂಪಾಯಿಯಾದರೆ ಅರ್ಧಾಣೆ. ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸುಮಾರು ಆರು ಸೇರು ಉಪ್ಪೆಂದು ಹಿಡಿದರೆ ಐದು ಜನರ ಸಂಸಾರಕ್ಕೆ ಮೂವತ್ತು ಸೇರು. ಸೇರಿಗೆ ಆಣೆಯಂತೆ ಸುಂಕವಿದ್ದಾಗ ಆ ಸಂಸಾರವು ಸುಂಕವಾಗಿಯೇ ಮೂವತ್ತಾಣೆಯನ್ನು ತೆರುವುದು. ದಿನಕ್ಕೆ ಮೂರಾಣೆ ಕೂಲಿಯವನಿಗೆ ಇದು ಹತ್ತು ದಿನಗಳ ದುಡಿಮೆ. ತಿಂಗಳಿಗೆ ನೂರು ರೂಪಾಯಿ ಸಂಬಳದವನಿಗೆ ಇದು ಅರ್ಧ ದಿನದ ಮಾತು. ಸುಂಕವು ಒಂದೇ, ಉಪ್ಪು ಒಂದೇ. ಹೊರೆ ಮಾತ್ರ ಬೇರೆ.

ಇನ್ನು ಅಂಗಡಿಯಲ್ಲಿ ನಡೆಯುವ ವ್ಯವಹಾರವನ್ನು ನೋಡಬೇಕು. ಬಡವನು ಉಪ್ಪನ್ನು ಮಣದಲ್ಲಿ ಕೊಳ್ಳಲಾರನು, ಸೇರಿನಲ್ಲಿಯೂ ಕೊಳ್ಳುವುದು ಅಪರೂಪ. ಕಾಲು ಸೇರು, ಅರೆಪಾವು, ಹಿಡಿ, ಹೀಗೆ ಕೊಳ್ಳುವನು. ಸುಂಕವು ಮಣಕ್ಕೆ ಎಂಟಾಣೆ ಇಳಿಯಿತೆನ್ನೋಣ. ಸೇರಿಗೆ ಇಳಿದುದು ಎರಡು ಪೈಗೆ ತುಸು ಮೇಲು. ಕಾಲು ಸೇರಿಗೆ ಅರೆ ಪೈಗೆ ತುಸು ಮೇಲು. ಅರೆ ಪೈಯ ನಾಣ್ಯವೆಲ್ಲಿದೆ? ಆದುದರಿಂದ ಅಂಗಡಿಯವನು ಅದನ್ನು ಬೆಲೆಯಲ್ಲಿ ಇಳಿಸಲಾರನು. ಅಳತೆಯನ್ನು ತುಸು ಹೆಚ್ಚಿಸಿ ಕೊಟ್ಟರೆ ಮಾತ್ರ ಆ ಲಾಭ ಕೊಳ್ಳುವವನಿಗೆ ಮುಟ್ಟೀತು. ಕೊಡುವ ಮನಸ್ಸು ಎಲ್ಲರಿಗೂ ಇರುವುದೆ? ಸುಂಕವು ಏರಿದಾಗಲಾದರೋ ಅರೆ ಪೈ ಒಂದು ಪೈಯಾಗಿ ಏರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಏರುವ ಬೆಲೆಗೆ ಕಾಲುಂಟು, ಇಳಿಯುವ ಬೆಲೆ ಕುಂಟುವುದು.

ಇದಲ್ಲದೆ ವರ್ತಕನು ಉಪ್ಪನ್ನು ತೂಕದಲ್ಲಿ ಕೊಂಡು ಅಳತೆಯಲ್ಲಿ ಮಾರುವ ರೂಢಿ ನಮ್ಮ ಕಡೆ ಬಹಳವಾಗಿತ್ತು. ಸುಂಕವೂ ತೂಕಕ್ಕೇ. ಹಗುರಾದ ಉಪ್ಪು ಅದೇ ತೂಕಕ್ಕೆ ಹೆಚ್ಚು ಅಳತೆ ತುಂಬುವುದಾದ್ದರಿಂದ ಅವನು ಅದನ್ನೇ ಆರಿಸುವನು; ಕೊಳ್ಳುವವಳಿಗೆ ಪಾವು ತುಂಬಿದಂತೆ ಕಂಡರೂ ಸಾರಿಗೆ ಹಾಕಿದಾಗ ಉಪ್ಪು ಸಾಲದು. ಬೆಲೆಯನ್ನು ಏರಿಸದೆಯೂ ಬೆಲೆ ಏರಿಸುವ ವಿದ್ಯೆಯಿದು. ಮತ್ತು ಆಗರದಲ್ಲಿಯೇ ಸುಂಕ ತೆತ್ತು ಹೊರಟ ಉಪ್ಪು ಘಟ್ಟದ ಮಳೆಯಲ್ಲಿ ಕರಗಿ ಎತ್ತಿನ ಬೆನ್ನಿನಿಂದ ಸೋರಿಹೋದರೆ ತೆತ್ತ ಸುಂಕ ಹಿಂದಿರುಗಿ ಬಾರದು. ಸೋರಿದುದರ ಸುಂಕವನ್ನೂ ಉಳಿದುದರ ಬೆಲೆಗೆ ಸೇರಿಸಲೇಬೇಕು. ಇದರಲ್ಲಿ ವರ್ತಕನ ತಪ್ಪೇನೂ ಇಲ್ಲ. ಸುಂಕವು ಹೆಚ್ಚಾದಷ್ಟೂ ಸೋರಿಕೆಯ ನಷ್ಟವೂ ಹೆಚ್ಚು. ಸುಂಕಕ್ಕಿಂತ ಬೆಲೆ ಹೆಚ್ಚಾಗಿ ಏರುವುದಕ್ಕೆ ಇದೂ ಒಂದು ಕಾರಣ.

೫

ಒಂದೇ ಪದಾರ್ಥಕ್ಕೆ ಅಕ್ಕಪಕ್ಕದ ಸೀಮೆಗಳಲ್ಲಿ ಬೇರೆಬೇರೆ ಸುಂಕವಿದ್ದರೆ ಪದಾರ್ಥವು ತಾನಾಗಿ ಕಡಮೆ ಬೆಲೆಯ ಕಡೆಯಿಂದ ಹೆಚ್ಚು ಬೆಲೆಯ ಕಡೆಗೆ ಹರಿಯುವುದು. ರಾಜಪುತ್ರಸ್ಥಾನದ ಸಾಂಭರ ಸರೋವರದ ಉಪ್ಪು ಅಗ್ಗ. ಆಂಗ್ಲರ ಸೀಮೆಯಲ್ಲಿ ಉಪ್ಪು ತುಟ್ಟಿ. ಈ ಹರಿವನ್ನು ತಡೆಯಲು ಸರಕಾರದವರು ದೇಶದ ನಡುವೆ ಒಂದು ಸುಂಕದ ಗಡಿಯನ್ನೇ ಕಟ್ಟಿದರು. ೧೮೬೯ರ ಹೊತ್ತಿಗೆ ಅದು ಸಿಂಧೂ ನದಿಯಿಂದ ಮಹಾನದಿಯವರೆಗೆ ೨,೩೦೦ ಮೈಲಿಗಳಷ್ಟು ಉದ್ದವಾಗಿ, ಸುಮಾರು ೧೨,೦೦೦ ಕಾವಲುಗಾರರಿಂದ ಕೂಡಿತ್ತು. ಅದರ ಬಹುಭಾಗದಲ್ಲಿ ಜಾಲಿ, ಬೋರೆ, ಕವಳೆ, ಕಳ್ಳಿಗಳ ದಟ್ಟವಾದ ಮುಳ್ಳುಬೇಲಿಯನ್ನು ಬೆಳೆಸಿದ್ದರು. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬನೆಂದು ಹೆಸರಾದ ಏ. ಓ. ಹ್ಯೂಮನು ೧೮೬೭ರಿಂದ ೧೮೭೦ರವರೆಗೆ ಈ ಇಲಾಖೆಯ ಕಮಿಷನರನಾಗಿ ಬೇಲಿಯನ್ನು ಬೆಳೆಸುವುದರಲ್ಲಿ ಬಹಳ ಶ್ರಮಿಸಿದನೆಂಬುದು ಚರಿತ್ರೆಯ ವಿನೋದಗಳಲ್ಲೊಂದು.

ಫ್ರಾನ್ಸಿನಲ್ಲಿಯೂ ಮಹಾಕ್ರಾಂತಿಗೆ ಮುನ್ನ ಗಾಬೆಲ್ ಎಂಬ ಉಪ್ಪಿನ ಕರವು ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಬಗೆಯಾಗಿದ್ದು, ಕಳ್ಳಸಾಗಾಣಿಕೆಯು ಅಲ್ಲಿ ಒಂದು ಕಸುಬೇ ಆಗಿತ್ತು. ಅವರು ಅದನ್ನು ೧೭೯೦ರಲ್ಲಿ ತೆಗೆದರೂ ನೆಪೋಲಿಯನ್ನನು ೧೮೦೬ರಲ್ಲಿ ಉಪ್ಪಿನ ಕರವನ್ನು ಮತ್ತೆ ತಂದನು. ಬೆಲೆಯ ಅಂತರವೇ ಕಳ್ಳನನ್ನು ಹುಟ್ಟಿಸುವುದು. ಕಳ್ಳನನ್ನು ಹಿಡಿಯಲು ಕಾವಲು ಬೇಕು. ಕಾವಲಿನ ಸಂಬಳವೂ ಕೊನೆಗೆ ಉಪ್ಪಿನ ಬೆಲೆಯಲ್ಲಿಯೇ ಬರಬೇಕು.

ಆಗ ದರಗಳು ಹೀಗಿದ್ದುವು: ಬಂಗಾಲದಲ್ಲಿ ಮಣಕ್ಕೆ ಮೂರೂಕಾಲು ರೂಪಾಯಿ, ವಾಯವ್ಯ ಪ್ರಾಂತ್ಯಗಳಲ್ಲಿ ಮೂರು ರೂಪಾಯಿ, ಮದರಾಸು ಮುಂಬಯಿಗಳಲ್ಲಿ ಒಂದು ರೂಪಾಯಿ ಹದಿಮೂರಾಣೆ. ಇವನ್ನೆಲ್ಲ ಸಮನಾಗಿ ಮಾಡಿದರೆ ಬೇಲಿಯೇ ಬೇಡವೆಂದು ಸರ್ ಜಾನ್ ಸ್ಟ್ರೇಚಿ ಮೊದಲಾದವರು ಯೋಚಿಸಿದರು. ಸಾಂಭರವನ್ನು ಜಯಪುರ ಜೋಧಪುರಗಳ ಅರಸರಿಂದ ಮೊದಲೇ ಗುತ್ತಿಗೆಗೆ ಪಡೆದಿದ್ದರು. ಉಪ್ಪು ಹುಟ್ಟುವೆಡೆಯಲ್ಲಿಯೇ ಸುಂಕವನ್ನೆತ್ತಿ, ಮುಂದೆ ಅದು ಎಲ್ಲಿಗೆ ಬೇಕಾದರೂ ಹೋಗಲೆಂದು ಬಿಡುವ ಕ್ರಮವು ಬಂದು, ೧೮೭೯ನೆಯ ಏಪ್ರಿಲ್ ೧ರಂದು ಆ ಗಡಿಯನ್ನು ರದ್ದುಮಾಡಿದರು. ಇದರಿಂದ ಉತ್ತರದಲ್ಲಿ ಉಪ್ಪಿನ ಬೆಲೆ ಇಳಿಯಿತು.

ಸಮಮಾಡುವುದೆಂದರೆ ಒಂದು ಕಡೆ ಇಳಿಸುವುದು ಮಾತ್ರವಲ್ಲ, ಇನ್ನೊಂದು ಕಡೆ ಏರಿಸುವುದೂ ಅಹುದು. ೧೮೭೮ರ ಹೊತ್ತಿಗೆ ಮದರಾಸು ಮುಂಬಯಿಗಳ ದರವನ್ನು ಒಂದು ರೂಪಾಯಿ ಹದಿಮೂರಾಣೆಯಿಂದ ಎರಡೂವರೆ ರೂಪಾಯಿಗೆ ಏರಿಸಿದರು. ಆ ಕಾಲವೆಂಥದು? ೧೮೭೬ರಲ್ಲಿ ಮೊದಲಾದ ಮಹಾಕ್ಷಾಮವು ಬಳ್ಳಾರಿ, ಧಾರವಾಡ, ಬಿಜಾಪುರ, ಮೈಸೂರುಗಳನ್ನು ಸುಟ್ಟುಹಾಕಿದ ಕಾಲ. ಗಂಜಿಗೆ ಧಾನ್ಯವಿಲ್ಲದ ಜನಕ್ಕೆ ಆ ಗಂಜಿಗೆ ಹಾಕುವ ಉಪ್ಪಿನ ಮೇಲಣ ಸುಂಕವು ಸೇರಿಗೆ ಮೂರು ಪೈಗೂ ಮೇಲೇರಿತು. ಏರಿಕೆಗೆ ಕೊಟ್ಟ ಕಾರಣಗಳಲ್ಲಿ ಮುಂದಿನ ಕ್ಷಾಮಗಳಿಗಾಗಿ ಹಣ ಕೂಡಿಡುವುದೂ ಒಂದು. ಹಸಿದವನ ಎಲೆಯಿಂದಲೇ ತೆಗೆದು ಹಸಿವಿನ ನಿಧಿಯನ್ನು ತುಂಬಿದಂತಾಯಿತು. ಲೆಕ್ಕದ ಕಾಗದದ ಮೇಲೆ ಸಮತೆ ಎಷ್ಟು ಚೆನ್ನಾಗಿ ಕಂಡರೂ, ಅದು ಯಾವ ಕಾಲದಲ್ಲಿ ಯಾರ ಮನೆಯನ್ನು ಮುಟ್ಟುವುದೆಂದು ನೋಡದೆ ಹೋದರೆ ಅನ್ಯಾಯವೇ ಆಗುವುದು.

ಇದೇ ಸುಮಾರಿಗೆ ಕಾರವಾರದ ಕಡೆಯೂ ಬೆಲೆಯ ಅಂತರವೊಂದು ಸರಕಾರದವರನ್ನು ಕಾಡುತ್ತಿತ್ತು. ಪೋರ್ಚುಗೀಜರ ಗೋವೆಯಲ್ಲಿ ಉಪ್ಪು ಬಹಳ ಅಗ್ಗ. ಅದು ಗಡಿ ದಾಟಿ ಉತ್ತರ ಕನ್ನಡಕ್ಕೂ ಘಟ್ಟದ ಮೇಲಕ್ಕೂ ಬರುತ್ತಿತ್ತು. ೧೮೭೮ರಲ್ಲಿ ಪೋರ್ಚುಗಲ್ಲಿನೊಡನೆ ಒಪ್ಪಂದ ಮಾಡಿಕೊಂಡು ಗೋವೆಯ ಉಪ್ಪಿನ ತಯಾರಿಕೆಯನ್ನೂ ಆಂಗ್ಲರು ಕೆಲವು ವರ್ಷಗಳ ಕಾಲ ತಮ್ಮ ಹತೋಟಿಗೆ ತಂದರು. ಒಳನಾಡಿನಲ್ಲಿ ಸವುಳುಮಣ್ಣನ್ನು ಸೋಸಿ ಉಪ್ಪು ತೆಗೆಯುತ್ತಿದ್ದ ಉಪ್ಪಾರರ ಕಸುಬೂ ಇಂಥ ಕಟ್ಟಳೆಗಳ ಕೆಳಗೆ ಕುಗ್ಗಿ, ಅವರಲ್ಲಿ ಅನೇಕರು ಕೆರೆಯ ಮಣ್ಣು ಹೊರುವ, ಗೋಡೆ ಕಟ್ಟುವ ಕೆಲಸಕ್ಕೆ ತಿರುಗಿದರು. ಅಗ್ಗದ ಉಪ್ಪು ಎಲ್ಲಿಂದ ಬಂದರೂ ಸುಂಕಕ್ಕೆ ಶತ್ರುವೇ. ಅದನ್ನು ನಿಲ್ಲಿಸದೆ ತುಟ್ಟಿಯ ಉಪ್ಪು ಮಾರಾಟವಾಗದು.

೬

೧೮೮೨ರಲ್ಲಿ ದೇಶದ ಬಹುಭಾಗಕ್ಕೆ ಮಣಕ್ಕೆ ಎರಡು ರೂಪಾಯಿಯಂತೆ ಒಂದೇ ದರವಾಯಿತು. ಬರ್ಮಾ ಯುದ್ಧದ ವೆಚ್ಚ, ಬೆಳ್ಳಿಯ ಬೆಲೆಯ ಕುಸಿತ—ಈ ಕಾರಣಗಳಿಂದ ೧೮೮೮ರಲ್ಲಿ ಅದನ್ನು ಎರಡೂವರೆ ರೂಪಾಯಿಗೆ ಏರಿಸಿದರು. ಹದಿನೈದು ವರ್ಷಗಳವರೆಗೆ ಅದು ಹಾಗೆಯೇ ನಿಂತಿತು. ಈ ಅವಧಿಯಲ್ಲಿ ದೇಶದಲ್ಲಿ ಮತ್ತೆರಡು ದೊಡ್ಡ ಕ್ಷಾಮಗಳು ಬಂದುವು. ಗೋಪಾಲಕೃಷ್ಣ ಗೋಖಲೆಯವರು ೧೯೦೨ರ ಆಯವ್ಯಯದ ಚರ್ಚೆಯಲ್ಲಿ, ಬೊಕ್ಕಸದಲ್ಲಿ ಹಣ ಮಿಗುತ್ತಿರುವಾಗಲೂ ಬಡವರ ಉಪ್ಪಿನ ಮೇಲೆ ಈ ಭಾರವೇಕೆಂದು ಅಂಕಿಸಂಖ್ಯೆಗಳೊಡನೆ ವಾದಿಸಿದರು.

ಅನಂತರ ದರವು ಮೆಟ್ಟಲು ಮೆಟ್ಟಲಾಗಿ ಇಳಿಯಿತು: ೧೯೦೩ರಲ್ಲಿ ಎರಡು ರೂಪಾಯಿ, ೧೯೦೫ರಲ್ಲಿ ಒಂದೂವರೆ ರೂಪಾಯಿ, ೧೯೦೭ರಲ್ಲಿ ಒಂದು ರೂಪಾಯಿ. ಇದರ ಪರಿಣಾಮವೇನಾಯಿತು? ೧೯೦೩ರಿಂದ ೧೯೦೮ರವರೆಗೆ ದೇಶದಲ್ಲಿ ಉಪ್ಪಿನ ಬಳಕೆ ನೂರಕ್ಕೆ ಸುಮಾರು ೨೫ರಷ್ಟು ಹೆಚ್ಚಿತು. ಉಪ್ಪನ್ನು ಯಾರೂ ಬಿಡಲಾರರು, ಆದುದರಿಂದ ಬೆಲೆ ಎಷ್ಟಾದರೂ ಅಷ್ಟೇ ತಿನ್ನುವರು ಎಂಬ ವಾದಕ್ಕೆ ಈ ಒಂದು ಅಂಕಿಯೇ ಉತ್ತರ. ಐದು ವರ್ಷಗಳಲ್ಲಿ ದೇಶದ ಜನಸಂಖ್ಯೆ ಕಾಲುಪಾಲು ಬೆಳೆಯಲಿಲ್ಲ. ಹಾಗಾದರೆ ಅದಕ್ಕೆ ಮುಂಚೆ ಜನರು ಬೇಕಾದುದಕ್ಕಿಂತ ಕಡಮೆ ಉಪ್ಪನ್ನು ತಿನ್ನುತ್ತಿದ್ದರೆಂದೂ, ದನಕರುಗಳಿಗೆ ಉಪ್ಪನ್ನು ಕೊಡದೆ ಇದ್ದರೆಂದೂ ಸಿದ್ಧವಾಗುವುದು. ಸಪ್ಪೆಯುಂಡವರು ದಾಖಲೆಗಳಲ್ಲಿ ಬರುವುದಿಲ್ಲ. ಬೆಲೆಯಿಳಿದಾಗ ಅವರು ಹೆಚ್ಚಾಗಿ ಕೊಂಡ ಉಪ್ಪೇ ಅವರ ಸಾಕ್ಷಿ.

ಬೇರೆ ಪದಾರ್ಥಗಳ ಬೆಲೆಗೂ ಉಪ್ಪಿನ ಸುಂಕ ತಗಲುತ್ತಿತ್ತು. ಉಪ್ಪುಮೀನು, ಹದಮಾಡಿದ ತೊಗಲು, ಉಪ್ಪಿನಕಾಯಿ—ಇವೆಲ್ಲಕ್ಕೂ ಉಪ್ಪೇ ಆಧಾರವಷ್ಟೆ. ಕಡಲತೀರದ ಬೆಸ್ತರು ಸುಂಕದ ಉಪ್ಪನ್ನು ಕೊಂಡು ಮೀನಿಗೆ ಹಾಕಲಾರದೆ ಹೋದುದರಿಂದ ಮದರಾಸು ಸರಕಾರದವರು ದಕ್ಷಿಣ ಕನ್ನಡವೂ ಸೇರಿದಂತೆ ತೀರದುದ್ದಕ್ಕೂ ಮೀನು ಉಪ್ಪಿಡುವ ಅಂಗಳಗಳನ್ನು ಏರ್ಪಡಿಸಿ ಅಲ್ಲಿ ಸುಂಕವಿಲ್ಲದ ಉಪ್ಪನ್ನು ಕೊಡಬೇಕಾಯಿತು. ಒಂದು ಕರವು ತನ್ನ ಗುರಿಯನ್ನು ದಾಟಿ ಎಲ್ಲೆಲ್ಲಿ ಮುಟ್ಟುವುದೆಂಬುದಕ್ಕೆ ಸರಕಾರದವರೇ ಒಪ್ಪಿಕೊಂಡ ನಿದರ್ಶನವಿದು.

೭

ಮೊದಲನೆಯ ಮಹಾಯುದ್ಧದ ನಡುವೆ, ೧೯೧೬ರಲ್ಲಿ, ಸುಂಕವು ಒಂದೂಕಾಲು ರೂಪಾಯಿಯಾಯಿತು. ೧೯೨೩ರಲ್ಲಿ ಅದನ್ನು ಇಮ್ಮಡಿಸಿ ಎರಡೂವರೆ ರೂಪಾಯಿ ಮಾಡಬೇಕೆಂದು ಸರಕಾರದವರು ಹೊರಟಾಗ ಶಾಸನಸಭೆಯು ಒಪ್ಪಲಿಲ್ಲ. ವೈಸರಾಯ್ ರೀಡಿಂಗ್ ಪ್ರಭುವು ತನ್ನ ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದನು. ತಲೆಯೊಂದಕ್ಕೆ ವರ್ಷಕ್ಕೆ ಮೂರಾಣೆ ಹೆಚ್ಚಾದರೆ ಏನು ಮಹಾ ಎಂಬುದು ಇಂತಹ ಏರಿಕೆಗೆ ಹೇಳುವ ಸಮಾಧಾನ. ಆರು ಸೇರಿನ ಲೆಕ್ಕದಲ್ಲಿ ಅದು ಸರಿಯಾದ ಗಣಿತವೇ. ಆದರೆ ಈ ಗಣಿತದಲ್ಲಿ ಬಡ್ಡಿ, ಸೋರಿಕೆ, ಅರೆ ಪೈಯನ್ನು ಪೈಯಾಗಿ ಮಾಡುವ ಅಂಗಡಿ—ಇವಕ್ಕೆ ಜಾಗವಿರಲಿಲ್ಲ. ಮರುವರ್ಷವೇ, ೧೯೨೪ರಲ್ಲಿ, ಸುಂಕವು ಮತ್ತೆ ಒಂದೂಕಾಲು ರೂಪಾಯಿಗೆ ಇಳಿಯಿತು.

ಇಂತಹ ಏರಿಳಿತಗಳಲ್ಲಿ ಲಾಭ ಪಡೆಯುವವರು ಯಾರು? ಸುಂಕವೇರುವುದೆಂಬ ಸುದ್ದಿ ಮುಂಚೆ ತಿಳಿದರೆ ದೊಡ್ಡ ವರ್ತಕನು ಹಳೆಯ ದರದಲ್ಲಿ ಸುಂಕ ತೆತ್ತು ದಾಸ್ತಾನನ್ನು ಹೊರತರುವನು. ಏರಿದ ಮರುದಿನ ಅದನ್ನು ಹೊಸ ಬೆಲೆಗೆ ಮಾರುವನು. ಇಳಿಯುವುದೆಂಬ ಸುದ್ದಿ ಬಂದರೆ ಕೊಳ್ಳುವುದನ್ನು ನಿಲ್ಲಿಸುವನು. ಮಳಿಗೆ ಬರಿದಾಗಿ, ಇಳಿಯಬೇಕಾದ ಬೆಲೆ ಕೆಲವು ವಾರ ಏರಿಯೇ ಇರುವುದು. ಆಯವ್ಯಯದ ಪಟ್ಟಿಯನ್ನು ಮಂಡಿಸುವವರೆಗೆ ಗುಟ್ಟಾಗಿಡುವ ಸಂಪ್ರದಾಯಕ್ಕೆ ಇದೇ ಮುಖ್ಯ ಕಾರಣ. ದೊಡ್ಡ ವರ್ತಕರು ತಮ್ಮತಮ್ಮೊಳಗೆ ಮಾಡಿಕೊಂಡ ಕರಾರುಗಳಿಗಾದರೆ ಕಾನೂನಿನ ರಕ್ಷೆಯುಂಟು: ೧೯೩೦ರ ಸರಕು ಮಾರಾಟದ ಕಾಯಿದೆಗೆ ೧೯೪೦ರಲ್ಲಿ ೬೪-ಎ ಎಂಬ ಪ್ರಕರಣವನ್ನು ಸೇರಿಸಿ, ಕರಾರಾದ ಬಳಿಕ ಸುಂಕವೇರಿದರೆ ಮಾರುವವನು ಅಷ್ಟನ್ನು ಬೆಲೆಗೆ ಸೇರಿಸಬಹುದೆಂದೂ, ಇಳಿದರೆ ಕೊಳ್ಳುವವನು ಅಷ್ಟನ್ನು ಕಳೆದುಕೊಳ್ಳಬಹುದೆಂದೂ ವಿಧಿಸಿದರು. ಕಾಲು ಸೇರು ಉಪ್ಪು ಕೊಳ್ಳಲು ಬಂದವಳ ಕೈಯಲ್ಲಿ ಯಾವ ಕರಾರುಪತ್ರವಿದೆ?

೧೯೩೦ನೆಯ ಮಾರ್ಚಿ ೧೨ರಂದು ಗಾಂಧಿಯವರು ಸಾಬರಮತಿಯಿಂದ ಹೊರಟು ಏಪ್ರಿಲ್ ೬ರಂದು ದಾಂಡಿಯ ಕಡಲತಡಿಯಲ್ಲಿ ಉಪ್ಪನ್ನೆತ್ತಿದ ಕಥೆ ಎಲ್ಲರೂ ಬಲ್ಲುದೇ. ಆ ದಂಡಿನಲ್ಲಿ ಹಾವೇರಿಯ ಸೀಮೆಯ ಮೈಲಾರ ಮಹಾದೇವಪ್ಪನವರೂ ಇದ್ದರು. ಏಪ್ರಿಲ್ ೧೩ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಸಾವಿರಾರು ಜನರ ಎದುರಿಗೆ ಕರ್ನಾಟಕದವರು ಉಪ್ಪಿನ ಕಾಯಿದೆಯನ್ನು ಮುರಿದರು. ಅಂಕೋಲೆಗೆ ಅನತಿದೂರದಲ್ಲಿಯೇ ಗೋಕರ್ಣದ ಬಳಿ ಸಾಣಿಕಟ್ಟೆಯ ಪ್ರಾಚೀನವಾದ ಉಪ್ಪಿನಾಗರಗಳಿವೆ. ಕಡಲು ಮನೆಯ ಮುಂದೆ, ಬಿಸಿಲು ತಲೆಯ ಮೇಲೆ, ಉಪ್ಪು ಕಾಲಕೆಳಗೆ. ಆದರೂ ಅದನ್ನು ಬಾಚಿಕೊಂಡರೆ ಅಪರಾಧ, ಅಂಗಡಿಯಲ್ಲಿ ಸೇರಿಗೆ ಅರ್ಧಾಣೆ ಸುಂಕ
ಸೇರಿಸಿ ಕೊಂಡರೆ ಸನ್ಮಾರ್ಗ. ಬಂಡವಾಳವಿಲ್ಲದೆ ದೊರೆಯುವ ಪದಾರ್ಥಕ್ಕೆ ಬೆಲೆ ಬಂದುದು ಸುಂಕದಿಂದಲೇ ಎಂಬುದನ್ನು ಯಾವ ಪುಸ್ತಕವನ್ನೂ ಓದದ ಹೆಂಗಸರೂ ಅಂದು ಅರಿತರು. ಅದುವರೆಗೆ ಬೆಲೆಯೆಂದು ಕಂಡಿದ್ದುದು ಅಂದು ಕರವೆಂದು ಕಂಡಿತು. ಆ ಸತ್ಯಾಗ್ರಹದ ಬಲವು ಇದರಲ್ಲಿಯೇ ಇತ್ತು.

೧೯೩೧ನೆಯ ಮಾರ್ಚಿ ೫ರ ಗಾಂಧೀ-ಇರ್ವಿನ್ ಒಡಂಬಡಿಕೆಯಲ್ಲಿ, ಉಪ್ಪು ದೊರೆಯುವ ಊರುಗಳ ಜನರು ಮನೆಯ ಬಳಕೆಗೂ ತಮ್ಮೂರಿನೊಳಗಣ ಮಾರಾಟಕ್ಕೂ ಉಪ್ಪನ್ನು ಮಾಡಿಕೊಳ್ಳಬಹುದೆಂಬ ರಿಯಾಯಿತಿ ದೊರೆಯಿತು. ಕರವು ಮಾತ್ರ ಹೋಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ ನೂರಕ್ಕೆ ೨೫ರ ಹೆಚ್ಚುವರಿಯನ್ನು ಹೇರಿದುದರಿಂದ ಅದು ಮಣಕ್ಕೆ ಒಂದು ರೂಪಾಯಿ ಒಂಬತ್ತಾಣೆಯಾಯಿತು.

೮

ಕಡೆಗೆ ೧೯೪೭ನೆಯ ಏಪ್ರಿಲ್ ೧ರಿಂದ ಮಧ್ಯಂತರ ಸರಕಾರದವರು ಉಪ್ಪಿನ ಕರವನ್ನು ತೆಗೆದುಹಾಕಿದರು. ಲೆಕ್ಕದಂತೆ ಸೇರಿಗೆ ಏಳೂವರೆ ಪೈ ಇಳಿಯಬೇಕು. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಲ್ಲ ಪದಾರ್ಥಗಳ ಬೆಲೆಗಳೂ ಇಮ್ಮಡಿಗೂ ಮೀರಿ ಏರಿದ್ದುವು, ರೈಲುಬಂಡಿಗಳ ಅಭಾವವಿತ್ತು, ದೇಶದ ಉಪ್ಪು ದೇಶಕ್ಕೆ ಸಾಲದೆ ಹೊರಗಿನಿಂದ ತರಿಸಬೇಕಾಗಿತ್ತು, ಅದೇ ವರ್ಷದ ದೇಶವಿಭಜನೆಯಿಂದ ಖೇವಡಾದ ಉಪ್ಪಿನ ಗಣಿಗಳು ಪಾಕಿಸ್ತಾನಕ್ಕೆ ಸೇರಿದುವು. ಸುಂಕವು ಬೆಲೆಯ ಒಂದು ಅಂಗವೇ ಹೊರತು ಬೆಲೆಯ ಸರ್ವಸ್ವವಲ್ಲ. ಪದಾರ್ಥದ ಕೊರತೆಯಿರುವಾಗ ಸುಂಕವನ್ನು ತೆಗೆದರೆ, ಅದು ತೆರವುಮಾಡಿದ ಸ್ಥಳವನ್ನು ವರ್ತಕನ ಲಾಭವು ಬೇಗನೆ ತುಂಬುವುದು. ಪದಾರ್ಥವು ಸಮೃದ್ಧವಾಗಿ ಅಂಗಡಿಗಳೊಳಗೆ ಪೈಪೋಟಿ ಬಂದ ಬಳಿಕವೇ ತೆಗೆದ ಸುಂಕವು ಬೆಲೆಯಲ್ಲಿ ಇಳಿದು ಕಾಣುವುದು. ಮುಂದಿನ ಕೆಲವು ವರ್ಷಗಳಲ್ಲಿ ಉಪ್ಪಿನ ಉತ್ಪಾದನೆ ಬೆಳೆದು ದೇಶವು ಸ್ವಯಂಪೂರ್ಣವಾದುದು ಕರದ ರದ್ದಿನಷ್ಟೇ ಮುಖ್ಯವಾದ ಸಂಗತಿ. ೧೯೫೩ರ ಕಾಯಿದೆಯಂತೆ ಉಪ್ಪಿನ ಉದ್ಯಮದ ಏಳಿಗೆಗೆಂದು ಎತ್ತುತ್ತಿದ್ದ ಅಲ್ಪ ಮೇಲ್ತೆರಿಗೆಯೂ ೨೦೧೬ರಲ್ಲಿ ರದ್ದಾಯಿತು. ೨೦೧೭ನೆಯ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಉಪ್ಪನ್ನು ಅದರಿಂದ ಹೊರತುಮಾಡಿದರು.

ಆ ೨೦೧೭ರ ಕಾಯಿದೆಯ ೧೭೧ನೆಯ ಪ್ರಕರಣದಲ್ಲಿ, ತೆರಿಗೆಯ ದರವಿಳಿದರೆ ಅದಕ್ಕೆ ತಕ್ಕಂತೆ ಬೆಲೆಯನ್ನೂ ಇಳಿಸತಕ್ಕದ್ದೆಂದು ವಿಧಿಸಬೇಕಾಯಿತು. ಇಳಿದ ತೆರಿಗೆಯು ತಾನಾಗಿ ಇಳಿದ ಬೆಲೆಯಾಗುವುದೆಂಬ ಭರವಸೆಯಿದ್ದಿದ್ದರೆ ಈ ಪ್ರಕರಣದ ಅಗತ್ಯವೇನಿತ್ತು? ಅರೆ ಪೈಯ ಅಂಗಡಿಯ ಪಾಠವನ್ನೇ ಶಾಸನಕರ್ತರು ಬೇರೊಂದು ಭಾಷೆಯಲ್ಲಿ ಬರೆದರು.

ಇಷ್ಟು ದೀರ್ಘವಾದ ಚರಿತ್ರೆಯಿಂದ ತಿಳಿಯಬೇಕಾದುದು ಮೂರು ಮಾತು. ಬಿಡಲಾಗದ ಪದಾರ್ಥದ ಮೇಲೆ ಬಿದ್ದ ಕರವು ಪೂರ್ತಿಯಾಗಿ, ಒಮ್ಮೊಮ್ಮೆ ಬಡ್ಡಿಯೊಡನೆ, ಕೊಳ್ಳುವವನ ಮೇಲೆಯೇ ಇಳಿಯುವುದು. ಕರವಿಳಿದಾಗ ಅದರ ಫಲವು ಕೆಳಗಿನವರೆಗೆ ಮುಟ್ಟುವುದು ಪದಾರ್ಥದ ಸಮೃದ್ಧಿಯಿಂದಲೂ ವರ್ತಕರ ಪೈಪೋಟಿಯಿಂದಲೂ ಮಾತ್ರ. ಮತ್ತು ಬೊಕ್ಕಸದ ಲೆಕ್ಕದಲ್ಲಿ ಪೈಯಾಗಿ ಕಾಣುವುದು ಬಡವನ ಮನೆಯಲ್ಲಿ ದಿನದ ಕೂಲಿಯಾಗಿ ಕಾಣುವುದು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕೆಂದು ನಮ್ಮ ಹಿರಿಯರ ಗಾದೆ. ಉಪ್ಪಿಗೆ ಸುಂಕವಿಟ್ಟವರನ್ನೂ ಜನರು ಅಷ್ಟೇ ಕಾಲ ನೆನೆದರು. ನೆನೆದ ರೀತಿ ಮಾತ್ರ ಬೇರೆ. ಪದಾರ್ಥಗಳ ಮೇಲೆ ಕರವನ್ನು ಹಾಕುವವರೂ ತೆಗೆಯುವವರೂ ಈ ಭೇದವನ್ನು ಮರೆಯದಿರುವುದು ಕ್ಷೇಮ.